ಅರವತ್ತನಾಲ್ಕು ಮನೆಗಳ ಒಕ್ಕೂಟ

ಮೈಸೂರಿನ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ದೇವತೆಗಳ ಹಾಗೂ ಅರಸರ ಚಿತ್ರಗಳ ಜೊತೆಗೆ ಬಗೆಬಗೆಯ ಆಟದ ಹಾಸುಗಳ ಚಿತ್ರಗಳೂ ಇವೆ. ಇವು ಮುಮ್ಮಡಿ ಕೃಷ್ಣರಾಜ ಒಡೆಯರ ಅಭಿರುಚಿಯ ಕುರುಹುಗಳು. ೧೭೯೯ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟವೇರಿದ ಈ ಅರಸರ ಕೈಯಿಂದ ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಅಂದಿನಿಂದ ೧೮೬೮ರಲ್ಲಿ ಕಾಲವಾಗುವವರೆಗೆ ಅವರಿಗೆ ಸಿಂಹಾಸನವಿದ್ದಿತು, ರಾಜ್ಯಭಾರವಿರಲಿಲ್ಲ. ಆ ದೀರ್ಘವಾದ ಬಿಡುವನ್ನು ಅವರು ವಿದ್ಯೆಗೆ, ಕಲೆಗೆ, ಆಟಗಳಿಗೆ ಮೀಸಲಿಟ್ಟರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಬೃಹದ್ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ 'ಕೌತುಕನಿಧಿ'ಯು ಆಟಗಳಿಗಾಗಿಯೇ ಮೀಸಲಾದುದು.

ಚದುರಂಗದಲ್ಲಿ ಮಹಾರಾಜರನ್ನು ಹೆಚ್ಚಾಗಿ ಸೆಳೆದದ್ದು ಕುದುರೆಯ ನಡೆ. ಅರವತ್ತನಾಲ್ಕು ಮನೆಗಳಲ್ಲಿ ಯಾವುದನ್ನೂ ಬಿಡದೆ, ಯಾವುದನ್ನೂ ಎರಡನೆಯ ಬಾರಿ ಮೆಟ್ಟದೆ, ಕುದುರೆಯೊಂದನ್ನು ಹಾಸಿನ ಮೇಲೆಲ್ಲ ನಡೆಸುವುದು ಒಂದು ಹಳೆಯ ಸಮಸ್ಯೆ. ಕುದುರೆ ಮೆಟ್ಟಿದ ಮನೆಗಳಿಗೆ ಕ್ರಮವಾಗಿ ೧ರಿಂದ ೬೪ರವರೆಗೆ ಅಂಕಿಗಳನ್ನು ಬರೆದು, ಯಾವ ಅಡ್ಡಸಾಲನ್ನು ಕೂಡಿದರೂ ಯಾವ ನೀಟಸಾಲನ್ನು ಕೂಡಿದರೂ ೨೬೦ ಬರುವಂತೆ ಮಾಡುವುದು ಅದಕ್ಕಿಂತಲೂ ಕಠಿಣ. ಇಂತಹ ಮಾಯಾಚೌಕಗಳನ್ನು ರಚಿಸಿದ ಮೊದಲಿಗರ ಸಾಲಿನಲ್ಲಿ ಮೈಸೂರಿನ ಈ ಅರಸರ ಹೆಸರನ್ನು ಗಣಿತಜ್ಞರು ಇಂದಿಗೂ ಸೇರಿಸುತ್ತಾರೆ.

ಕನ್ನಡನಾಡಿಗೆ ಚದುರಂಗವು ಆಗಲೇ ಹಳೆಯ ನಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಚತುರಂಗವನ್ನು ವಿವರಿಸಿದ್ದಾನೆ. ಭಾರತದಲ್ಲಿ ಹುಟ್ಟಿದ ಈ ಆಟವು ಪರ್ಷಿಯಕ್ಕೆ ಹೋಗಿ, ಅಲ್ಲಿಂದ ಅರಬರ ಕೈಸೇರಿ, ಅವರ ಮೂಲಕ ಯೂರೋಪನ್ನು ಮುಟ್ಟಿತು. ಹೋದಹೋದಲ್ಲಿ ಅದು ಆಯಾ ನಾಡಿನ ಉಡುಪನ್ನು ತೊಟ್ಟಿತು. ನಮ್ಮ ಮಂತ್ರಿ ಯೂರೋಪಿನಲ್ಲಿ ರಾಣಿಯಾದನು, ಒಂಟೆ ಪಾದ್ರಿಯಾಯಿತು, ಆನೆ ಕೋಟೆಯಾಯಿತು. ಹದಿನೈದನೆಯ ಶತಮಾನದ ಕೊನೆಯ ವೇಳೆಗೆ ಯೂರೋಪಿನವರು ರಾಣಿಗೆ ಎಂಟು ದಿಕ್ಕುಗಳಲ್ಲಿಯೂ ತಡೆಯಿಲ್ಲದೆ ಓಡುವ ಬಲವನ್ನು ಕೊಟ್ಟರು. ಅಂದಿನಿಂದ ಆಟದ ವೇಗವೇ ಬೇರೆಯಾಯಿತು.

ಹೀಗೆ ಒಂದೇ ಹಾಸು, ಒಂದೇ ಸಂಖ್ಯೆಯ ಕಾಯಿಗಳು ಇದ್ದರೂ ನಿಯಮಗಳು ಮಾತ್ರ ನಾಡಿಗೊಂದು ಬಗೆಯಾದುವು. ಭಾರತದ ಜಗುಲಿಗಳಲ್ಲಿ ಆಡುತ್ತಿದ್ದ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದಕ್ಕೆ ಹೋಗುತ್ತಿತ್ತು; ಯೂರೋಪಿನಲ್ಲಿ ಅದು ಎರಡು ಮನೆ ಹಾರಬಹುದಾಗಿತ್ತು. ರಾಜನೂ ಆನೆಯೂ ಒಂದೇ ನಡೆಯಲ್ಲಿ ಸ್ಥಳ ಬದಲಿಸಿ ಕೋಟೆ ಕಟ್ಟಿಕೊಳ್ಳುವ ಕ್ರಮ ಇಲ್ಲಿ ಇರಲಿಲ್ಲ. ಅದಕ್ಕೆ ಬದಲಾಗಿ, ಒಮ್ಮೆಯೂ ಶಹ ಕೊಡಿಸಿಕೊಳ್ಳದ ರಾಜನು ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಿ ಪಾರಾಗಬಹುದಾಗಿತ್ತು. ಎದುರು ತುದಿಯನ್ನು ಮುಟ್ಟಿದ ಕಾಲಾಳು ತನ್ನ ಇಷ್ಟದ ಕಾಯಿಯಾಗುವಂತಿರಲಿಲ್ಲ. ಯಾವ ಕಾಯಿಯ ಸಾಲಿನಲ್ಲಿ ಮುಟ್ಟಿತೋ ಆ ಕಾಯಿಯೇ ಆಗಬೇಕಾಗಿತ್ತು. ಇಂಥ ಭೇದಗಳು ಮೇಲುನೋಟಕ್ಕೆ ಅಲ್ಪವೆಂದು ತೋರಿದರೂ, ಬೇರೆ ಬೇರೆ ನಾಡಿನ ಇಬ್ಬರು ಎದುರುಬದುರು ಕುಳಿತಾಗ ಆಟ ತೊಡಗುವ ಮೊದಲೇ ಜಗಳ ತೊಡಗಲು ಇಷ್ಟು ಸಾಕು.

ರೈಲು, ಉಗಿಹಡಗು, ತಂತಿಗಳು ಬಂದ ಮೇಲೆ ಇಂತಹ ಭೇಟಿಗಳು ಹೆಚ್ಚಿದುವು. ೧೮೫೧ರಲ್ಲಿ ಲಂಡನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದು ಜರ್ಮನಿಯ ಅಡಾಲ್ಫ್ ಆಂಡರ್ಸನ್ ಗೆದ್ದನು. ೧೮೮೬ರಲ್ಲಿ ಸ್ಟೈನಿಟ್ಸ್ ಮತ್ತು ಜುಕರ್‌ಟಾರ್ಟ್ ಎಂಬುವರು ಆಡಿದ ಪಂದ್ಯವನ್ನು ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಪಂದ್ಯವೆಂದು ಎಣಿಸುವುದು ವಾಡಿಕೆ. ಆದರೆ 'ಅಧಿಕೃತ' ಎನ್ನುವ ಅಧಿಕಾರ ಆಗ ಯಾರಿಗೂ ಇರಲಿಲ್ಲವೆಂಬುದು ಗಮನಾರ್ಹ. ಪದವಿಯು ಗೆದ್ದವನ ಸ್ವಂತ ಆಸ್ತಿಯಂತಿತ್ತು. ಯಾರೊಡನೆ ಆಡಬೇಕು, ಎಂದು ಆಡಬೇಕು, ಎಷ್ಟು ಹಣಕ್ಕೆ ಆಡಬೇಕು ಎಂಬುದನ್ನೆಲ್ಲ ಚಾಂಪಿಯನ್ನನೇ ಗೊತ್ತುಮಾಡುತ್ತಿದ್ದನು. ೧೯೨೨ರಲ್ಲಿ ಕ್ಯೂಬಾ ದೇಶದ ಕಾಪಾಬ್ಲಾಂಕನು ಲಂಡನ್ನಿನಲ್ಲಿ ಕೆಲವು ನಿಯಮಗಳನ್ನು ಮುಂದಿಟ್ಟು ಪ್ರಮುಖ ಆಟಗಾರರ ಒಪ್ಪಿಗೆ ಪಡೆದನು. ಅವುಗಳ ಪ್ರಕಾರ ಸವಾಲು ಹಾಕುವವನು ೧೦,೦೦೦ ಡಾಲರುಗಳಿಗೆ ಕಡಮೆಯಿಲ್ಲದ ನಿಧಿಯನ್ನು ಕೂಡಿಸಿ ತರಬೇಕು. ಪ್ರತಿಭೆಯುಳ್ಳ ಬಡ ಆಟಗಾರನಿಗೆ ಈ ಮೊತ್ತವೇ ಒಂದು ಕೋಟೆಗೋಡೆಯಾಯಿತು.

ಎಲ್ಲ ದೇಶಗಳ ಚದುರಂಗ ಸಂಘಗಳನ್ನು ಒಂದುಗೂಡಿಸುವ ಸಂಸ್ಥೆಯೊಂದು ಬೇಕೆಂಬ ಮಾತು ಇದಕ್ಕೆ ಮೊದಲೇ ಹುಟ್ಟಿತ್ತು. ೧೯೧೪ರ ಏಪ್ರಿಲಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಈ ಬಗ್ಗೆ ಪ್ರಯತ್ನ ನಡೆಯಿತು. ಅದೇ ವರ್ಷ ಜುಲೈ ತಿಂಗಳಿನಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಮತ್ತೊಂದು ಪ್ರಯತ್ನವಾಯಿತು. ಅಲ್ಲಿ ಪಂದ್ಯಾವಳಿ ಇನ್ನೂ ನಡೆಯುತ್ತಿರುವಾಗಲೇ ಮೊದಲನೆಯ ಮಹಾಯುದ್ಧ ಸಿಡಿಯಿತು. ನಿನ್ನೆಯವರೆಗೆ ಅತಿಥಿಗಳಾಗಿದ್ದ ಅಲೆಖಿನ್ ಮೊದಲಾದ ರಷ್ಯದ ಆಟಗಾರರು ಒಂದೇ ಹಗಲಿನಲ್ಲಿ ಶತ್ರು ದೇಶದ ಪ್ರಜೆಗಳಾಗಿ ಸೆರೆಯಾದರು. ವಿಶ್ವದ ಆಟಗಾರರನ್ನು ಒಂದುಗೂಡಿಸಬೇಕೆಂದು ಸೇರಿದ ಊರಿನಲ್ಲಿಯೇ ಅವರನ್ನು ಬೇಲಿಯೊಳಗೆ ಕೂಡಿಟ್ಟದ್ದು ಕಾಲದ ಕ್ರೌರ್ಯವೇ ಸರಿ. ಯುದ್ಧ ಮುಗಿದ ಮೇಲೆ, ೧೯೨೦ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಮತ್ತೆ ಯತ್ನ ನಡೆದು ಅದೂ ನಿಷ್ಫಲವಾಯಿತು.

೧೯೨೪ರ ಬೇಸಗೆಯಲ್ಲಿ ಪ್ಯಾರಿಸ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದುವು. ಚದುರಂಗವನ್ನೂ ಅವುಗಳಲ್ಲಿ ಸೇರಿಸಬೇಕೆಂದು ಕೆಲವರು ಯತ್ನಿಸಿದರು. ಹವ್ಯಾಸಿ ಆಟಗಾರ ಯಾರು, ಆಟದಿಂದಲೇ ಹೊಟ್ಟೆ ಹೊರೆಯುವವನು ಯಾರು ಎಂದು ವಿಂಗಡಿಸುವುದು ಚದುರಂಗದಲ್ಲಿ ಸುಲಭವಾಗಿರಲಿಲ್ಲವಾದ್ದರಿಂದ ಆ ಯತ್ನ ಕೈಗೂಡಲಿಲ್ಲ. ಆದರೂ ಫ್ರಾನ್ಸಿನವರು ನಿರಾಶರಾಗದೆ ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ಚದುರಂಗಕ್ಕೆ ತಮ್ಮದೇ ಆದ ಪಂದ್ಯಾವಳಿಯನ್ನು ಏರ್ಪಡಿಸಿದರು. ಇದರ ಮುಂಚೂಣಿಯಲ್ಲಿ ಇದ್ದವರು ಫ್ರಾನ್ಸಿನ ಚದುರಂಗ ಸಂಘದ ಪಿಯೆರ್ ವಿನ್ಸೆಂಟ್. ಹದಿನೆಂಟು ದೇಶಗಳ ೫೪ ಮಂದಿ ಆಟಗಾರರು ಬಂದರು. ವೈಯಕ್ತಿಕವಾಗಿ ಲಾಟ್ವಿಯದ ಮಾಟಿಸನ್ಸ್ ಗೆದ್ದನು. ದೇಶಗಳ ಲೆಕ್ಕದಲ್ಲಿ ಚೆಕೊಸ್ಲೊವಾಕಿಯ ಮೊದಲನೆಯದಾಯಿತು.

ಆಟ ಮುಗಿದ ದಿನ, ಎಂದರೆ ೧೯೨೪ರ ಜುಲೈ ೨೦ರಂದು, ಹದಿನೈದು ದೇಶಗಳ ಪ್ರತಿನಿಧಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಫ್ರೆಂಚ್ ಭಾಷೆಯಲ್ಲಿ 'ಫೆದೆರಾಸಿಯೋಂ ಆಂತೆರ್ನಾಸಿಯೊನಾಲ್ ದೆಜೆಶೆಕ್' ಎಂದು ಅದಕ್ಕೆ ಹೆಸರಾಯಿತು. ಆ ಹೆಸರಿನ ಮೊದಲಕ್ಷರಗಳಿಂದ ಕೂಡಿದ 'ಫಿಡೆ' ಎಂಬುದೇ ಇಂದು ಲೋಕಪ್ರಸಿದ್ಧವಾಗಿದೆ. ಸಹಿ ಹಾಕಿದವರಲ್ಲಿ ಅರ್ಜೆಂಟೀನದ ರಾಬರ್ಟೊ ಗ್ರಾವು, ಹಂಗೆರಿಯ ಅಬೊನ್ಯಿ, ರುಮೇನಿಯದ ತರುಣ ಅಯಾನ್ ಗುಡ್ಜು ಮೊದಲಾದವರು ಇದ್ದರು. ಹಾಲೆಂಡಿನ ನ್ಯಾಯವಾದಿ ಅಲೆಕ್ಸಾಂಡರ್ ರೂಬ್ ಮೊದಲ ಅಧ್ಯಕ್ಷರಾಗಿ ಆಯ್ಕೆಯಾದರು. ಮುಂದೆ ೧೯೪೯ರವರೆಗೆ, ಇಪ್ಪತ್ತೈದು ವರ್ಷ, ಆ ಸ್ಥಾನದಲ್ಲಿಯೇ ಇದ್ದರು. ಸಂಸ್ಥೆಯು 'ಗೆನ್ಸ್ ಊನ ಸುಮುಸ್' ಎಂಬ ಲ್ಯಾಟಿನ್ ವಾಕ್ಯವನ್ನು ತನ್ನ ಧ್ಯೇಯವಾಕ್ಯವನ್ನಾಗಿ ಮಾಡಿಕೊಂಡಿತು. 'ನಾವೆಲ್ಲ ಒಂದೇ ಕುಲದವರು' ಎಂಬುದು ಅದರ ಅರ್ಥ.

ಮಾತು ದೊಡ್ಡದು. ಆದರೆ ಆ ದಿನ ಆ ಕುಲದಲ್ಲಿ ಯಾರು ಯಾರು ಇರಲಿಲ್ಲ ಎಂಬುದನ್ನೂ ನೋಡಬೇಕು. ಯುದ್ಧದಲ್ಲಿ ಸೋತ ಜರ್ಮನಿ ಅಲ್ಲಿರಲಿಲ್ಲ. ಸೋವಿಯತ್ ಒಕ್ಕೂಟ ದೂರವೇ ಉಳಿಯಿತು. ಏಷ್ಯ, ಆಫ್ರಿಕ ಖಂಡಗಳಿಂದ ಒಂದು ದೇಶದ ಸಹಿಯೂ ಬೀಳಲಿಲ್ಲ. ಆಟವನ್ನು ಹೆತ್ತ ಭಾರತವು ಅಂದು ಪರಾಧೀನವಾಗಿತ್ತು. ಅದರ ಹೆಸರಿನಲ್ಲಿ ಸಹಿ ಹಾಕಲು ರಾಷ್ಟ್ರೀಯ ಸಂಘವೊಂದು ಇನ್ನೂ ಹುಟ್ಟಿರಲಿಲ್ಲ.

ಹೊಸ ಸಂಸ್ಥೆಗೆ ಹೆಸರಿತ್ತು, ಹಣವಿರಲಿಲ್ಲ, ಅಧ್ಯಕ್ಷರಿದ್ದರು, ಅಧಿಕಾರವಿರಲಿಲ್ಲ. ವಿಶ್ವ ಚಾಂಪಿಯನ್ನರು ಅದನ್ನು ಕೇಳದೆಯೇ ತಮ್ಮ ಪಂದ್ಯಗಳನ್ನು ಆಡಿಕೊಂಡರು. ಸಂಸ್ಥೆಯಾದರೋ ತನ್ನಿಂದಾಗುವ ಕೆಲಸಗಳನ್ನು ಹಿಡಿಯಿತು. ೧೯೨೭ರಲ್ಲಿ ಲಂಡನ್ನಿನಲ್ಲಿ ಮೊದಲ ಅಧಿಕೃತ ಚದುರಂಗ ಒಲಿಂಪಿಯಾಡ್ ನಡೆಸಿತು. ಹದಿನಾರು ತಂಡಗಳಲ್ಲಿ ಹಂಗೆರಿ ಗೆದ್ದಿತು. ಅಲ್ಲಿಯೇ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್ ಪಂದ್ಯವೂ ನಡೆದು ವೇರಾ ಮೆನ್‌ಚಿಕ್ ಎಂಬಾಕೆ ಪದವಿ ಗಳಿಸಿದಳು. ೧೯೪೪ರಲ್ಲಿ ಲಂಡನ್ನಿನ ಮೇಲೆ ಬಿದ್ದ ಜರ್ಮನ್ ಬಾಂಬಿನಿಂದ ಸಾಯುವವರೆಗೂ ಆ ಪದವಿ ಆಕೆಯದೇ ಆಗಿತ್ತು. ೧೯೨೯ರಲ್ಲಿ ಎಲ್ಲ ಸದಸ್ಯ ದೇಶಗಳಿಗೂ ಅನ್ವಯಿಸುವ ಆಟದ ನಿಯಮಾವಳಿ ಸಿದ್ಧವಾಯಿತು. ಸಂಸ್ಥೆಯ ಆರಂಭಕಾಲದ ಸಾಧನೆಗಳಲ್ಲಿ ಇದೇ ಹಿರಿದು ಎನ್ನಬೇಕು. ಒಲಿಂಪಿಯಾಡಿನ ಗದ್ದಲವನ್ನು ಪತ್ರಿಕೆಗಳು ವರ್ಣಿಸಿದುವು. ನಿಯಮಗಳ ಈ ಸಣ್ಣ ಪುಸ್ತಕ ಸದ್ದಿಲ್ಲದೆ ಊರೂರಿನ ಆಟವನ್ನು ಒಂದುಮಾಡಿತು.

ಈ ಒಂದುಮಾಡುವಿಕೆ ಕೆಲವರಿಗೆ ಎಷ್ಟು ಕಷ್ಟದ್ದಾಗಿತ್ತೆಂಬುದಕ್ಕೆ ಸುಲ್ತಾನ್ ಖಾನನ ಬಾಳು ನಿದರ್ಶನ. ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಇವನು ಭಾರತೀಯ ಪದ್ಧತಿಯಲ್ಲಿ ಚದುರಂಗ ಕಲಿತವನು. ಜಮೀನುದಾರರಾದ ಸರ್ ಉಮರ್ ಹಯಾತ್ ಖಾನರ ಪರಿವಾರದೊಡನೆ ೧೯೨೯ರಲ್ಲಿ ಲಂಡನ್ನಿಗೆ ಹೋದನು. ಕೋಟೆ ಕಟ್ಟುವುದು, ಕಾಲಾಳನ್ನು ಎರಡು ಮನೆ ನಡೆಸುವುದು ಮುಂತಾದ ಯೂರೋಪಿನ ಕ್ರಮಗಳು ಬಾಲ್ಯದಿಂದ ರೂಢಿಯಾದುವಲ್ಲ. ಬೆಳೆದ ಮೇಲೆ ಕಲಿತುವು. ಹೀಗಿದ್ದರೂ ಅದೇ ವರ್ಷ ಬ್ರಿಟನ್ನಿನ ಚಾಂಪಿಯನ್ನನಾದನು. ೧೯೩೨ರಲ್ಲಿಯೂ ೧೯೩೩ರಲ್ಲಿಯೂ ಮತ್ತೆ ಗೆದ್ದನು. ೧೯೩೦-೩೧ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಾಪಾಬ್ಲಾಂಕನನ್ನೇ ಸೋಲಿಸಿದನು. ಹ್ಯಾಂಬರ್ಗ್, ಪ್ರಾಗ್, ಫೋಕ್‌ಸ್ಟನ್ ನಗರಗಳ ಒಲಿಂಪಿಯಾಡುಗಳಲ್ಲಿ ಅವನು ಆಡಿದ್ದು ಬ್ರಿಟನ್ನಿನ ತಂಡಕ್ಕಾಗಿ. ೧೯೩೩ರ ಕೊನೆಗೆ ಒಡೆಯರೊಡನೆ ಮನೆಗೆ ಮರಳಿದನು. ಅಂತರರಾಷ್ಟ್ರೀಯ ಆಟ ಅಲ್ಲಿಗೆ ಮುಗಿಯಿತು. ೧೯೫೦ರಲ್ಲಿ ಫಿಡೆಯು ಮೊದಲ ಬಾರಿಗೆ ೨೭ ಮಂದಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಅಧಿಕೃತವಾಗಿ ಕೊಟ್ಟಿತು. ಆಟ ಬಿಟ್ಟು ಬಹುಕಾಲವಾಗಿದ್ದ ಹಿರಿಯರ ಹೆಸರುಗಳೂ ಅದರಲ್ಲಿ ಇದ್ದುವು. ಸುಲ್ತಾನ್ ಖಾನನ ಹೆಸರಿರಲಿಲ್ಲ. ಅವನು ೧೯೬೬ರಲ್ಲಿ ತೀರಿಕೊಂಡನು. ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಫಿಡೆಯು ಅವನಿಗೆ ನೀಡಿದ್ದು ತನ್ನ ನೂರನೆಯ ವರ್ಷವಾದ ೨೦೨೪ರಲ್ಲಿ.

ಧ್ಯೇಯವಾಕ್ಯಕ್ಕೆ ಇನ್ನೊಂದು ಪರೀಕ್ಷೆ ೧೯೩೯ರಲ್ಲಿ ಬಂದಿತು. ಅರ್ಜೆಂಟೀನದ ಬ್ಯೂನಸ್ ಐರಿಸಿನಲ್ಲಿ ಒಲಿಂಪಿಯಾಡ್ ನಡೆಯುತ್ತಿರುವಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಯುದ್ಧಕ್ಕಿಳಿದ ಕೆಲವು ದೇಶಗಳ ತಂಡಗಳು ಒಂದರ ಎದುರು ಒಂದು ಕುಳಿತುಕೊಳ್ಳಲಿಲ್ಲ. ಆಡದೆಯೇ ಅಂಕಗಳನ್ನು ಸಮನಾಗಿ ಹಂಚಲಾಯಿತು. ಪಂದ್ಯಾವಳಿ ಮುರಿಯದೆ ಕೊನೆಗಂಡಿತೆಂಬುದೇ ಸಮಾಧಾನ. ಪೋಲೆಂಡಿನ ನೈಡಾರ್ಫ್ ಮೊದಲಾದ ಅನೇಕ ಆಟಗಾರರು ಮನೆಗೆ ಹಿಂದಿರುಗಲಾರದೆ ದಕ್ಷಿಣ ಅಮೆರಿಕದಲ್ಲಿಯೇ ಬೇರೂರಿದರು.

ವಿಶ್ವ ಚಾಂಪಿಯನ್ ಪದವಿ ಸಂಸ್ಥೆಯ ಕೈಗೆ ಬಂದದ್ದು ಹೋರಾಟದಿಂದಲ್ಲ, ಒಂದು ಸಾವಿನಿಂದ. ಪದವಿಯನ್ನು ಹೊಂದಿದ್ದಾಗಲೇ ಅಲೆಖಿನ್ ೧೯೪೬ರಲ್ಲಿ ಪೋರ್ಚುಗಲ್ಲಿನಲ್ಲಿ ನಿಧನನಾದನು. ಸವಾಲು ಸ್ವೀಕರಿಸಬೇಕಾದವನೇ ಇಲ್ಲವಾದಾಗ ಉತ್ತರಾಧಿಕಾರಿಯನ್ನು ಗೊತ್ತುಮಾಡುವವರು ಯಾರು? ಮರುವರ್ಷ ಸೋವಿಯತ್ ಒಕ್ಕೂಟವು ಫಿಡೆಯನ್ನು ಸೇರಿದ್ದರಿಂದ ಸಂಸ್ಥೆಗೆ ಬಲ ಬಂದಿತು. ೧೯೪೮ರಲ್ಲಿ ಹೇಗ್ ಮತ್ತು ಮಾಸ್ಕೋ ನಗರಗಳಲ್ಲಿ ಐವರು ಆಟಗಾರರ ಪಂದ್ಯಾವಳಿ ಏರ್ಪಟ್ಟು ಬೊಟ್ವಿನ್ನಿಕ್ ಗೆದ್ದನು. ಅಂದಿನಿಂದ ಪದವಿಗೆ ಸವಾಲು ಹಾಕುವ ಹಕ್ಕನ್ನು ಹಣದ ಚೀಲದಿಂದಲ್ಲ, ಅರ್ಹತಾ ಪಂದ್ಯಗಳಿಂದ ಗಳಿಸಬೇಕಾಯಿತು. ೧೯೯೩ರಲ್ಲಿ ಕಾಸ್ಪರೊವ್ ಮತ್ತು ಶಾರ್ಟ್ ಸಂಸ್ಥೆಯಿಂದ ಹೊರಬಂದು ಬೇರೆ ಪಂದ್ಯ ಆಡಿದ್ದರಿಂದ ಚಾಂಪಿಯನ್ನರು ಇಬ್ಬರಾದರು. ಆ ಒಡಕು ೨೦೦೬ರಲ್ಲಿ ಕೂಡಿಕೊಂಡಿತು. ಹದಿಮೂರು ವರ್ಷದ ಆ ಗೊಂದಲದ ಕಥೆ ದೀರ್ಘವಾದದ್ದು, ಅಷ್ಟೇನೂ ರುಚಿಕರವಾದದ್ದಲ್ಲ.

ಸ್ವತಂತ್ರ ಭಾರತದಲ್ಲಿ ಅಖಿಲ ಭಾರತ ಚದುರಂಗ ಸಂಘವು ೧೯೫೧ರಲ್ಲಿ ಸ್ಥಾಪಿತವಾಯಿತು. ೧೯೫೫ರಲ್ಲಿ ಆಂಧ್ರದ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ೧೯೫೬ರ ಮಾಸ್ಕೋ ಒಲಿಂಪಿಯಾಡಿನಲ್ಲಿ ಭಾರತದ ತಂಡ ಮೊದಲ ಬಾರಿಗೆ ತನ್ನ ಹೆಸರಿನಲ್ಲಿಯೇ ಆಡಿತು. ಮ್ಯಾನ್ಯುಯಲ್ ಆರನ್ ೧೯೬೧ರಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ವಿಶ್ವನಾಥನ್ ಆನಂದ್ ೧೯೮೮ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕವು ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರಿಗಾಗಿ ೨೦೧೭ರವರೆಗೆ ಕಾಯಬೇಕಾಯಿತು. ಅವರು ಎಂ. ಎಸ್. ತೇಜ್‌ಕುಮಾರ್, ಊರು ಕೃಷ್ಣರಾಜ ಒಡೆಯರ ಮೈಸೂರೇ. ಬೆಂಗಳೂರಿನ ಪ್ರಣವ್ ಆನಂದ್ ೨೦೨೨ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ರುಮೇನಿಯ ದೇಶದಲ್ಲಿ ಆ ಬಿರುದನ್ನು ಪೂರ್ಣಗೊಳಿಸಿ, ಹದಿನಾರರೊಳಗಿನವರ ವಿಶ್ವ ಪದವಿಯನ್ನೂ ಗೆದ್ದನು.

ಸುಮಾರು ಇನ್ನೂರು ದೇಶಗಳ ಈ ಒಕ್ಕೂಟದ ಕಾರ್ಯಾಲಯ ಈಗ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿದೆ. ಅಲ್ಲಿ ಗೊತ್ತಾದ ಕ್ರಮಗಳು ಬೆಂಗಳೂರಿನ ದಕ್ಷಿಣ ಭಾಗದ ಶಾಲೆಯೊಂದರ ಸಭಾಂಗಣದವರೆಗೆ ಹೇಗೆ ಬಂದು ಮುಟ್ಟುತ್ತವೆ ಎಂಬುದನ್ನು ತಿಳಿಯುವುದು ಕಷ್ಟವಲ್ಲ. ಜಯನಗರದಲ್ಲಿ ಮನೆಯೊಂದನ್ನು ಹುಡುಕುವವನು ಬ್ಲಾಕು, ಮುಖ್ಯರಸ್ತೆ, ಅಡ್ಡರಸ್ತೆಗಳ ಸಂಖ್ಯೆಯನ್ನು ಕೇಳಿಕೊಂಡು ನೇರವಾಗಿ ಬಾಗಿಲಿಗೇ ಹೋಗಬಹುದು. ಚದುರಂಗದ ಹಾಸಿಗೂ ಇಂತಹ ವಿಳಾಸವಿದೆ. ನೀಟಸಾಲುಗಳಿಗೆ 'ಎ'ಯಿಂದ 'ಎಚ್'ವರೆಗಿನ ಎಂಟು ಅಕ್ಷರಗಳು. ಅಡ್ಡಸಾಲುಗಳಿಗೆ ಒಂದರಿಂದ ಎಂಟರವರೆಗಿನ ಅಂಕಿಗಳು. ಅಕ್ಷರ, ಅಂಕಿ ಎರಡನ್ನೂ ಹೇಳಿದರೆ ಮನೆ ಸಿಕ್ಕಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಹಿಂದೆ ಇದ್ದ ಬರವಣಿಗೆಯ ಕ್ರಮವೇ ಬೇರೆ. ಅಲ್ಲಿ ಬಿಳಿಯವನು ಒಂದು ಹೆಸರಿನಿಂದ ಕರೆದ ಮನೆಯನ್ನು ಕರಿಯವನು ಇನ್ನೊಂದು ಹೆಸರಿನಿಂದ ಕರೆಯುತ್ತಿದ್ದನು. ೧೯೮೧ರಿಂದ ಫಿಡೆಯು ಅಕ್ಷರ-ಅಂಕಿಗಳ ಕ್ರಮವೊಂದನ್ನೇ ಮಾನ್ಯಮಾಡಿದೆ.

ಆಟಗಾರನ ಬಲವನ್ನು ಅಳೆಯುವ ಅಂಶಗಣನೆಯೂ ಹೀಗೆಯೇ ಎಲ್ಲೆಡೆಗೂ ಒಂದೇ. ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಆರ್ಪಾಡ್ ಈಲೊ ರೂಪಿಸಿದ ಈ ಲೆಕ್ಕವನ್ನು ಫಿಡೆ ೧೯೭೦ರಲ್ಲಿ ಅಂಗೀಕರಿಸಿತು. ಇಬ್ಬರ ನಡುವೆ ಇನ್ನೂರು ಅಂಶಗಳ ಅಂತರವಿದ್ದರೆ, ನೂರು ಆಟಗಳಲ್ಲಿ ಬಲ್ಲಿದನು ಸುಮಾರು ೭೫ ಅಂಕ ಗಳಿಸುತ್ತಾನೆಂದು ಅದು ನಿರೀಕ್ಷಿಸುತ್ತದೆ. ನಿರೀಕ್ಷೆಗಿಂತ ಹೆಚ್ಚು ಗಳಿಸಿದವನಿಗೆ ಅಂಶ ಏರುತ್ತದೆ. ಕಡಮೆ ಗಳಿಸಿದವನಿಗೆ ಇಳಿಯುತ್ತದೆ. ಗ್ರ್ಯಾಂಡ್‌ಮಾಸ್ಟರ್ ಆಗಬೇಕಾದವನು ೨೫೦೦ ಅಂಶಗಳನ್ನು ಮುಟ್ಟುವುದಲ್ಲದೆ, ಪ್ರಬಲ ಪಂದ್ಯಾವಳಿಗಳಲ್ಲಿ ನಿಗದಿಯಾದ ಮಟ್ಟದ ಸಾಧನೆಯನ್ನೂ ತೋರಿರಬೇಕು. ತಂದೆ ಯಾರು, ಒಡೆಯ ಯಾರು ಎಂದು ಈ ಲೆಕ್ಕ ಕೇಳುವುದಿಲ್ಲ. ಆದರೂ ಪಂದ್ಯಗಳಿಗೆ ಓಡಾಡುವ ಖರ್ಚನ್ನು ಹೊರಬಲ್ಲ ಮನೆಯ ಮಕ್ಕಳಿಗೆ ದಾರಿ ಸುಗಮ, ಉಳಿದವರಿಗೆ ದುರ್ಗಮ ಎಂಬುದು ಇಂದಿಗೂ ನಿಜ. ೧೦,೦೦೦ ಡಾಲರಿನ ಗೋಡೆ ಬಿದ್ದರೂ ಅದರ ಬುನಾದಿಯ ಕೆಲವು ಕಲ್ಲುಗಳು ಉಳಿದಿವೆ.

ಬನಶಂಕರಿಯ ಬಾಲಕಿಯೊಬ್ಬಳು ಜೆ. ಪಿ. ನಗರದ ಬಾಲಕನೊಬ್ಬನ ಎದುರು ಅಂಶಗಣನೆಗೆ ಸೇರುವ ಪಂದ್ಯ ಆಡುವಾಗ, ಇಬ್ಬರೂ ತಮ್ಮ ತಮ್ಮ ಹಾಳೆಗಳಲ್ಲಿ ಪ್ರತಿಯೊಂದು ನಡೆಯನ್ನೂ ಬರೆದಿಡುತ್ತಾರೆ. ಆಟ ಮುಗಿದ ಮೇಲೆ ಫಲಿತಾಂಶವನ್ನು ಬರೆದು ಸಹಿ ಹಾಕುತ್ತಾರೆ. ತೀರ್ಪುಗಾರರು ಅದನ್ನು ಪಡೆದು ಪಟ್ಟಿಗೆ ಸೇರಿಸುತ್ತಾರೆ. ಪಟ್ಟಿಯು ರಾಷ್ಟ್ರೀಯ ಸಂಘದ ಮೂಲಕ ಲೊಸಾನಿಗೆ ಹೋಗುತ್ತದೆ. ಮುಂದಿನ ತಿಂಗಳ ಮೊದಲ ದಿನ ಪ್ರಕಟವಾಗುವ ಲೋಕದ ಯಾದಿಯಲ್ಲಿ ಅವರಿಬ್ಬರ ಅಂಶಗಳೂ ಆ ಆಟಕ್ಕೆ ತಕ್ಕಂತೆ ಬದಲಾಗಿರುತ್ತವೆ.